ಆ 1 ಗಂಟೆ 47 ನಿಮಿಷ ಎಲ್ಲಿ ಹೋಯ್ತು ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಒಳಪುಟದಲ್ಲಿ ಒಂದು ಪುಟ್ಟ ಬಾಕ್ಸ್ ಐಟಂ ಬಂದಿತ್ತು, ನಿಮಗೆ ನೆನಪಿದೆಯೋ ಇಲ್ವೋ. ಜಗತ್ತಿನ ಅತಿ ಉದ್ದದ ವಿಮಾನ ಪ್ರಯಾಣ ಅಂತ ಹೆಡ್ಡಿಂಗು, ಸಿಂಗಪುರದಿಂದ ನ್ಯೂಯಾರ್ಕ್, ದೂರ 15,349 ಕಿ.ಮೀ., ಸಮಯ 18 ಗಂಟೆ 50 ನಿಮಿಷ, ವಿಮಾನದ ವೇಗ ಗಂಟೆಗೆ 900 ಕಿ.ಮೀ., ಪಕ್ಕದಲ್ಲಿ ಒಂದು ವರ್ಲ್ಡ್ ಮ್ಯಾಪು, ಅದರ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಒಂದು ಕೆಂಪು ಗೆರೆ. ಅಷ್ಟೇ. ನಿಮಗೆ ಅದು ಪುಟ ತುಂಬಿಸೋ ಐಟಂ ಇರಬಹುದು, ನಮ್ಮ ಮನೇಲಿ ಮಾತ್ರ ಅದರಿಂದ ಒಂದು ವಾರ ರಾಮಾಯಣ ಆಗಿದೆ.

ನಮ್ಮ ಭಾವ ಅವತ್ತು ಬೆಳಗ್ಗೆ ನಾನು ಹಲ್ಲುಜ್ಜೋಕೆ ಮುಂಚೆ ಫೋನ್ ಮಾಡಿದ್ರು. ಅವರ ಮಗಳು ಸಿಂಗಪುರದಲ್ಲಿ ಕೆಲಸದಲ್ಲಿದ್ದಾಳೆ, ಈಗ ನ್ಯೂಯಾರ್ಕಿಗೆ ಟ್ರಾನ್ಸ್‌ಫರ್, ಇದೇ ಫ್ಲೈಟಲ್ಲೇ ಹೋಗೋದು. ಹಾಗಾಗಿ ನಿಮ್ಮ ಬಾಕ್ಸನ್ನ ಅವರು ಓದಿಲ್ಲ, ಆಡಿಟ್ ಮಾಡಿದ್ದಾರೆ. "15,349ನ 900ರಿಂದ ಭಾಗಿಸಿದೆ ಕಣಯ್ಯ, 17 ಗಂಟೆ 3 ನಿಮಿಷ ಬರುತ್ತೆ. ಪೇಪರಿನವರು 18 ಗಂಟೆ 50 ಅಂತಾರೆ. ಬಾಕಿ 1 ಗಂಟೆ 47 ನಿಮಿಷ ಎಲ್ಲಿ ಹೋಯ್ತು? ಇಪ್ಪತ್ತು ವರ್ಷ ಟಿಕೆಟ್ ಕೌಂಟರಲ್ಲಿ ಕೂತಿದ್ದೋನು ನೀನು, ನೀನೇ ಹೇಳು" ಅಂದ್ರು. ನಾನು ಹೇಳ್ದೆ. ಅವರು ಒಪ್ಪಲಿಲ್ಲ. ನಾನು ಬಾಯಲ್ಲಿ ಹೇಳಿದ್ದನ್ನ ಅವರು ಇವತ್ತಿನವರೆಗೂ ಒಪ್ಪಿದ್ದಿಲ್ಲ, ಆದರೆ ಪ್ರಿಂಟಾಗಿ ಬಂದಿದ್ದನ್ನ ಒಪ್ಪುತಾರೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಜಾಗ ಮಾಡಿಕೊಡಿ.

ಮೊದಲು ಆ 15,349. ಅದು ಸರಿಯಾದ ನಂಬರೇ, ಅದರಲ್ಲಿ ನಿಮ್ಮ ತಪ್ಪಿಲ್ಲ. ಬೇಕಾದ್ರೆ ಯಾರು ಬೇಕಾದ್ರೂ ಮನೇಲೇ ಚೆಕ್ ಮಾಡಬಹುದು, ಯಾಕಂದ್ರೆ ಈ ಎರಡು ಊರು ಅದೃಷ್ಟವಶಾತ್ ಭೂಮಿಯ ಹೆಚ್ಚುಕಮ್ಮಿ ಎದುರುಬದುರು ರೇಖಾಂಶದಲ್ಲಿವೆ. ಸಿಂಗಪುರದ ಏರ್‌ಪೋರ್ಟು ಪೂರ್ವಕ್ಕೆ ಸುಮಾರು 104 ಡಿಗ್ರಿ, ನ್ಯೂಯಾರ್ಕಿಂದು ಪಶ್ಚಿಮಕ್ಕೆ ಸುಮಾರು 74 ಡಿಗ್ರಿ, ಕೂಡಿಸಿದ್ರೆ 178. ಪೂರ್ತಿ 180 ಆಗಿದ್ರೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ನೆತ್ತಿ ಮೇಲೇ ಹೋಗುತ್ತೆ, ಎರಡು ಡಿಗ್ರಿ ಕಮ್ಮಿ ಇರೋದ್ರಿಂದ ಧ್ರುವದ ಪಕ್ಕದಲ್ಲೇ ಸವರಿಕೊಂಡು ಹೋಗುತ್ತೆ. ಈಗ ಸಿಂಗಪುರದಿಂದ ಧ್ರುವಕ್ಕೆ 88.64 ಡಿಗ್ರಿ, ಧ್ರುವದಿಂದ ಆ ಕಡೆ ನ್ಯೂಯಾರ್ಕಿಗೆ ಇಳಿಯೋಕೆ 49.36 ಡಿಗ್ರಿ, ಒಟ್ಟು 138. ಭೂಮಿ ಮೇಲೆ ಒಂದು ಡಿಗ್ರಿ ಅಂದ್ರೆ 111 ಕಿ.ಮೀ. ಮತ್ತು ಇನ್ನೊಂದು 200 ಮೀಟರು. ಗುಣಿಸಿ ನೋಡಿ, 15,345ರ ಆಸುಪಾಸು ಬರುತ್ತೆ. ಕೈಲೆಕ್ಕಕ್ಕೆ ನಾಲ್ಕು ಕಿಲೋಮೀಟರ್ ವ್ಯತ್ಯಾಸ, ಏನೂ ಅಲ್ಲ.

ಆದ್ರೆ ಸ್ವಾಮಿ, ಆ 15,349 ಇರೋದು ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿದಾಗ. ನೀವು ಮ್ಯಾಪಿನ ಮೇಲೆ ಎಳೆದಿರೋ ಕೆಂಪು ಗೆರೆ ಬೇರೇನೇ. ಅದು ಸಿಂಗಪುರದಿಂದ ಹೊರಟು ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ಸಹಾರಾ ಮೇಲಿಂದ ಅಟ್ಲಾಂಟಿಕ್ ದಾಟುತ್ತೆ. ಧ್ರುವ ಎಲ್ಲಿ, ಸಹಾರಾ ಎಲ್ಲಿ! ನಮ್ಮ ಸ್ಕೂಲ್ ಗೋಡೆ ಮೇಲೆ ನೇತಾಡ್ತಿದ್ದ ಮ್ಯಾಪು, ಮರ್ಕೇಟರ್ ಅನ್ನೋರು 1569ರಲ್ಲಿ ಹಡಗಿನವರಿಗೋಸ್ಕರ ಮಾಡಿದ ಲೆಕ್ಕದ್ದು, ಅದರಲ್ಲಿ ನೆಟ್ಟಗಿನ ಗೆರೆ ಅಂದ್ರೆ ದಿಕ್ಸೂಚಿಯ ಮುಳ್ಳು ಒಂದೇ ಕೋನದಲ್ಲಿ ಇಟ್ಕೊಂಡು ಹೋಗೋ ದಾರಿ ಅಂತ ಅರ್ಥ, ಹತ್ತಿರದ ದಾರಿ ಅಂತಲ್ಲ. ನಾನು ಸುಮ್ನೆ ಇರಲಾರದೆ ನಿಮ್ಮ ಗೆರೆಯ ಉದ್ದ ಲೆಕ್ಕ ಹಾಕಿದೆ, ಸುಮಾರು 18,500 ಕಿ.ಮೀ. ಬಂತು. ಅಂದ್ರೆ ಗೆರೆ ಒಂದು ಹೇಳ್ತಿದೆ, ಕೆಳಗಿನ ನಂಬರ್ ಇನ್ನೊಂದು ಹೇಳ್ತಿದೆ, ಎರಡರ ಮಧ್ಯೆ 3,000 ಕಿ.ಮೀ. ಫರಕು, ಒಂದೇ ಬಾಕ್ಸಲ್ಲಿ. ಟೋಕಿಯೋದಿಂದ ನ್ಯೂಯಾರ್ಕಿಗೆ ಹೋಗೋ ಫ್ಲೈಟ್ ಅಲಾಸ್ಕಾ ಕಡೆ ಯಾಕೆ ಬಾಗುತ್ತೆ, ಸಿಡ್ನಿಯಿಂದ ಸ್ಯಾಂಟಿಯಾಗೋಗೆ ಹೋಗೋದು ಅಂಟಾರ್ಕ್ಟಿಕಾ ಕಡೆಗೆ ಯಾಕೆ ಇಳಿಯುತ್ತೆ ಅಂತ ಕೌಂಟರಲ್ಲಿ ಕೂತಾಗ ನನ್ನ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಪೈಲಟ್ ಸುತ್ತಿಸಿ ಕರ್ಕೊಂಡ್ ಹೋಗ್ತಿದ್ದಾನೆ ಅಂತ ಒಬ್ರು ಜಗಳಕ್ಕೇ ಬಂದಿದ್ರು, ಆಟೋ ಮೀಟರ್ ತರ. ಬಾಗಿರೋದು ದಾರಿಯಲ್ಲ, ಚಪ್ಪಟೆ ಮಾಡಿದ ಕಾಗದ.

ಹೇಳೋದು ಮರೆತೆ, ಮೈಲಿಗಳ ಗೋಳು ಬೇರೆ ಇದೆ. ಇದೇ ದೂರಕ್ಕೆ ಭಾವ ಮೊಬೈಲಲ್ಲಿ ಹುಡುಕಿದಾಗ ಒಂದು ಕಡೆ 9,537 ಮೈಲಿ, ಇನ್ನೊಂದು ಕಡೆ 8,288 ಮೈಲಿ ಅಂತ ಸಿಕ್ತಂತೆ, ಅವರಿಗೆ ಇನ್ನೂ ಪಿತ್ತ ನೆತ್ತಿಗೇರಿತು. ಎರಡೂ ಸರಿ. ಮೊದಲನೇದು ರಸ್ತೆ ಮೈಲಿ, 1.609 ಕಿ.ಮೀ., ಎರಡನೇದು ನಾಟಿಕಲ್ ಮೈಲಿ, ಸರಿಯಾಗಿ 1,852 ಮೀಟರು, ಹಡಗು ವಿಮಾನದವರು ಇದನ್ನೇ ಬಳಸೋದು. ಅನುವಾದ ಮಾಡೋ ಅವಸರದಲ್ಲಿ ನಾಟಿಕಲ್ ಅನ್ನೋ ಪದ ಬಿದ್ದುಹೋದ್ರೆ ಒಂದು ಸಾವಿರದ ಚಿಲ್ಲರೆ ಮೈಲಿ ಗುಳುಂ ಆಗುತ್ತೆ. ಪೇಪರ್‌ಗಳಲ್ಲಿ ಇದು ಆಗಾಗ ಆಗ್ತಾನೇ ಇರುತ್ತೆ, ನಿಮ್ಮದರಲ್ಲಿ ಆಗಿದೆ ಅಂತ ಹೇಳ್ತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಧ್ರುವದ ಪಕ್ಕದ ಆ 15,349ರ ದಾರಿ ಇದೆಯಲ್ಲ, ಸಿಂಗಪುರ ಏರ್‌ಲೈನ್ಸ್ ವಿಮಾನ ಮಾಮೂಲಿಯಾಗಿ ಆ ದಾರಿ ಹಿಡಿಯೋದೇ ಇಲ್ಲ. 2018ರ ಅಕ್ಟೋಬರ್ 11ರಂದು ಈ ತಡೆರಹಿತ ಸರ್ವೀಸು ಮತ್ತೆ ಶುರುವಾದಾಗ, ಆಗ ಹೋಗ್ತಿದ್ದಿದ್ದು ನ್ಯೂಯಾರ್ಕ್ ಮಗ್ಗುಲಿನ ನ್ಯೂವಾರ್ಕ್ ಏರ್‌ಪೋರ್ಟಿಗೆ, ವಿಮಾನ ಕ್ರಮಿಸೋ ದೂರ ಸುಮಾರು 16,700 ಕಿ.ಮೀ. ಅಂತ ಸುದ್ದಿಯಾಗಿತ್ತು. ಅಂದ್ರೆ ದಾರದ ಅಳತೆಗಿಂತ 1,350 ಕಿ.ಮೀ. ಜಾಸ್ತಿ, ಭಾವನ 900ರ ಲೆಕ್ಕದಲ್ಲಿ ಒಂದೂವರೆ ಗಂಟೆ. ಕಳೆದುಹೋದ 1 ಗಂಟೆ 47 ನಿಮಿಷದಲ್ಲಿ ಒಂದೂವರೆ ಗಂಟೆ ಇಲ್ಲೇ ಸಿಕ್ತು, ಇನ್ನು ಉಳಿದಿದ್ದು 17 ನಿಮಿಷ, ಅದು ರನ್‌ವೇಗೆ ಹೋಗಿ ಬರೋದ್ರಲ್ಲಿ ಆಯ್ತು ಅಂತ ಫೈಲ್ ಕ್ಲೋಸ್ ಮಾಡಿಬಿಡಬಹುದು. ಆದ್ರೆ ಇಷ್ಟು ಸಲೀಸಾಗಿ ಟ್ಯಾಲಿ ಆಗೋ ಲೆಕ್ಕ ನೋಡಿದ್ರೆ ನನಗೆ ಅನುಮಾನ ಬರುತ್ತೆ, ಕೌಂಟರಲ್ಲಿ ಸಂಜೆ ಕ್ಯಾಶ್ ಒಂದೇ ಸಲಕ್ಕೆ ಟ್ಯಾಲಿ ಆದ್ರೆ ಎಲ್ಲೋ ಎರಡು ತಪ್ಪು ಸೇರಿ ಒಂದು ಸರಿ ಆಗಿದೆ ಅಂತಲೇ ಅರ್ಥ. ಇಲ್ಲೂ ಹಾಗೇ ಆಗಿದೆ. ಆ ಮೊದಲ ಫ್ಲೈಟ್ 17 ಗಂಟೆ 52 ನಿಮಿಷಕ್ಕೆ ಇಳಿದಿತ್ತು. 16,700ನ ಅದರಿಂದ ಭಾಗಿಸಿ, ಗಂಟೆಗೆ 930ರ ಮೇಲೆ ಬರುತ್ತೆ, ಏರೋದು ಇಳಿಯೋದು ಎಲ್ಲಾ ಸೇರಿ. ಅಂದ್ರೆ ದೂರದ ದಾರಿ ಹಿಡಿದ ವಿಮಾನ 900ಕ್ಕಿಂತ ಜೋರಾಗಿ ಹೋಗಿದೆ. ಎಂಜಿನ್ ಏನೂ ಬೇರೆ ಹಾಕಿರಲಿಲ್ಲ. ಬೆನ್ನಿಗೆ ಗಾಳಿ ಇತ್ತು.

ಗಾಳಿ ವಿಷಯ ನಿಮ್ಮ ಬಾಕ್ಸಲ್ಲಿ ಒಂದು ಪದಾನೂ ಇಲ್ಲ, ನನ್ನ ತಕರಾರು ಇರೋದು ಅಲ್ಲೇ. 900 ಅನ್ನೋದು ನೆಲಕ್ಕೆ ಹೋಲಿಸಿದ ವೇಗ ಅಲ್ಲ, ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿ ತಾನೇ ಸುಮ್ನೆ ನಿಂತಿಲ್ಲ. ಹೊಳೇಲಿ ದೋಣಿ ಹುಟ್ಟು ಹಾಕೋನು ಒಂದೇ ಶಕ್ತೀಲಿ ಹಾಕ್ತಾನೆ, ನೀರಿನ ಜೊತೆ ಹೋದ್ರೆ ಬೇಗ ದಡ ಸೇರ್ತಾನೆ, ನೀರಿಗೆ ಎದುರು ಹೋದ್ರೆ ತಡ, ಅಷ್ಟೇ ಕತೆ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಗಾಳಿಯ ಹೊಳೆ ಹರಿಯುತ್ತೆ, ಗಂಟೆಗೆ 100-200 ಕಿ.ಮೀ. ಮಾಮೂಲಿ, ಚಳಿಗಾಲದಲ್ಲಿ 300 ದಾಟೋದೂ ಉಂಟು. ಇದನ್ನ 1920ರ ದಶಕದಲ್ಲೇ ಜಪಾನಿನ ವಾಸಾಬುರೋ ಓಯಿಷಿ ಅನ್ನೋ ಹವಾಮಾನ ವಿಜ್ಞಾನಿ ಬಲೂನ್ ಬಿಟ್ಟು ಅಳೆದಿದ್ರು, ಜಗತ್ತಿಗೆಲ್ಲ ತಿಳೀಲಿ ಅಂತ ರಿಪೋರ್ಟನ್ನ ಎಸ್ಪೆರಾಂಟೋ ಅನ್ನೋ, ಇಡೀ ಜಗತ್ತಿಗೆ ಒಂದೇ ಭಾಷೆ ಇರ್ಲಿ ಅಂತ ಕಟ್ಟಿದ ಭಾಷೇಲಿ ಬರೆದ್ರು, ಅದಕ್ಕೇ ಯಾರೂ ಓದಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ಗಳು ಜಪಾನ್ ಮೇಲೆ ಹೋಗಿ ಈ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆ ಎಲ್ಲರಿಗೂ ಬುದ್ಧಿ ಬಂತು.

ನಾನೇ ಒಂದ್ಸಲ ಇದನ್ನ ಕಣ್ಣಾರೆ ನೋಡಿದೀನಿ. ಲಂಡನ್ನಿಂದ ನ್ಯೂಯಾರ್ಕಿಗೆ ಹೋಗ್ತಾ ಇದ್ದೆ, ನಿದ್ದೆ ಬರಲಿಲ್ಲ, ಮುಂದಿನ ಸೀಟಿನ ಬೆನ್ನಲ್ಲಿರೋ ಸ್ಕ್ರೀನಲ್ಲಿ ಪಿಕ್ಚರ್ ಬಿಟ್ಟು ಮ್ಯಾಪನ್ನೇ ಹಾಕ್ಕೊಂಡು ಕೂತೆ. ಹೊರಗಿನ ತಾಪಮಾನ ಮೈನಸ್ 56, ಎದುರುಗಾಳಿ 143, ನೆಲದ ವೇಗ 748. ಒಂದು ಗಂಟೆ ಬಿಟ್ಟು ನೋಡಿದ್ರೂ 750ರ ಸುತ್ತಲೇ ತೂಕಡಿಸ್ತಿದೆ. ಹತ್ತು ದಿನ ಬಿಟ್ಟು ವಾಪಸ್ ಬರುವಾಗ ಅದೇ ತರದ ವಿಮಾನ, ಅದೇ ಸ್ಕ್ರೀನು, ಈಗ ನೆಲದ ವೇಗ 1,062. ಒಳಗೆ ಕೂತವರಿಗೆ ಒಂದಿಷ್ಟೂ ಗೊತ್ತಾಗಲ್ಲ, ಲೋಟದಲ್ಲಿರೋ ನೀರು ಕೂಡ ಅಲುಗಾಡಲ್ಲ, ಆದ್ರೆ ಒಂದು ಕಡೆ ಸುಮಾರು 8 ಗಂಟೆ, ಇನ್ನೊಂದು ಕಡೆ 7ರ ಒಳಗೆ. ದೂರ ಎರಡೂ ಕಡೆಗೂ ಅದೇ 5,540 ಕಿ.ಮೀ. 2020ರ ಫೆಬ್ರವರಿಯಲ್ಲಿ ಯೂರೋಪಿಗೆ ಬಿರುಗಾಳಿ ಬಂದಿತ್ತಲ್ಲ, ಆಗ ಬ್ರಿಟಿಷ್ ಏರ್‌ವೇಸಿನ ಒಂದು 747 ನ್ಯೂಯಾರ್ಕಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೆ ಬಂದು ಇಳಿದಿತ್ತು, ನೆಲದ ವೇಗ 1,300 ದಾಟಿತ್ತು. ಹಾಗಂತ ಅದೇನು ಶಬ್ದಕ್ಕಿಂತ ಜೋರಾಗಿ ಹೋಗಲಿಲ್ಲ, ಗಾಳಿ ಲೆಕ್ಕದಲ್ಲಿ ಅದು ಎಂದಿನ ಹಾಗೇ ಹೋಗ್ತಿತ್ತು. ಶಬ್ದ ಮೀರಿ ಹೋಗಿದ್ದು ಕಾಂಕಾರ್ಡು, 1996ರ ಫೆಬ್ರವರಿ 7ರಂದು ಇದೇ ದಾರಿಯನ್ನ 2 ಗಂಟೆ 53 ನಿಮಿಷಕ್ಕೆ ಒಂದು ಸೆಕೆಂಡ್ ಕಮ್ಮಿಗೆ ಮುಗಿಸಿತ್ತು, 2003ರಲ್ಲಿ ಅದೂ ಮನೆಗೆ ಹೋಯ್ತು.

ಭಾವ ಇದಕ್ಕೆ ಎರಡು ಆಕ್ಷೇಪಣೆ ಎತ್ತಿದ್ರು. ಒಂದು, "ಹೋಗೋವಾಗ ಕಳ್ಕೊಂಡಿದ್ದು ಬರೋವಾಗ ಸಿಗುತ್ತಲ್ಲ, ಒಟ್ಟಾರೆ ಸೊನ್ನೆ" ಅಂತ. ಇಲ್ಲ ಭಾವ, ಸೊನ್ನೆ ಆಗಲ್ಲ. 5,540 ಕಿ.ಮೀ., ಗಾಳಿ ಇಲ್ಲದೆ 900ರಲ್ಲಿ ಹೋಗಿ ಬಂದ್ರೆ 12 ಗಂಟೆ 19 ನಿಮಿಷ. 150ರ ಗಾಳಿ ಇಟ್ಕೊಳ್ಳಿ, ಎದುರಿಗೆ ಹೋದ್ರೆ 750ರಲ್ಲಿ 7 ಗಂಟೆ 23 ನಿಮಿಷ, ಜೊತೆಗೆ ಬಂದ್ರೆ 1,050ರಲ್ಲಿ 5 ಗಂಟೆ 17, ಒಟ್ಟು 12 ಗಂಟೆ 40. 21 ನಿಮಿಷ ಖೋತಾ. ಎದುರುಗಾಳೀಲಿ ಜಾಸ್ತಿ ಹೊತ್ತು ಇರ್ತೀರಿ, ಹಿಂದಿನ ಗಾಳೀಲಿ ಕಮ್ಮಿ ಹೊತ್ತು, ಹಾಗಾಗಿ ಗಾಳಿ ಯಾವತ್ತೂ ಸಾಲಗಾರನೇ. ಎರಡನೇ ಆಕ್ಷೇಪಣೆ, ಇದು ಬರೀ ಭಾವಂದಲ್ಲ, ಅರ್ಧ ಊರಿನ ನಂಬಿಕೆ, "ಗಾಳಿ ಅಲ್ಲ ಕಣಯ್ಯ, ಕೆಳಗೆ ಭೂಮಿ ತಿರುಗುತ್ತಲ್ಲ ಅದಕ್ಕೆ" ಅನ್ನೋದು. ಭೂಮಿ ತಿರುಗೋದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನ ಮೇಲೆ ಹೋದ ತಕ್ಷಣ ಭೂಮಿ ತನ್ನ ಪಾಡಿಗೆ ಕೆಳಗೆ ಜಾರುತ್ತೆ ಅಂತಾದ್ರೆ ಪಶ್ಚಿಮಕ್ಕೆ ಹೋಗೋರಿಗೆ ಊರು ತಾನಾಗೇ ಹತ್ತಿರ ಬರಬೇಕಿತ್ತು, ಪಶ್ಚಿಮದ ಫ್ಲೈಟೇ ಬೇಗ ಮುಗೀಬೇಕಿತ್ತು. ಆಗೋದು ಉಲ್ಟಾ. ಗಾಳಿಯೂ ವಿಮಾನವೂ ನಾವೂ ಎಲ್ಲಾ ಭೂಮಿ ಜೊತೇಲೇ ತಿರುಗ್ತಿರ್ತೀವಿ.

ದೂರ ಜಾಸ್ತಿ ಆದ್ರೂ ಹೊತ್ತು ಕಮ್ಮಿ ಆಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ, ಅದನ್ನ ನೀವು ಆ ಬಾಕ್ಸಲ್ಲಿ ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಫ್ಲೈಟ್ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಲ್ಲಿ ಅದನ್ನ ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲಿಂದ ಹಾರಿಸಿದ್ರು, ಸುಮಾರು 15,300 ಕಿ.ಮೀ. 1,400 ಕಿ.ಮೀ. ಜಾಸ್ತಿ, ಆದ್ರೆ ಹದಿನಾಲ್ಕೂವರೆ ಗಂಟೇಲಿ ಮುಟ್ಟಿತು, ಹಳೇ ದಾರಿಗಿಂತ ಹೆಚ್ಚುಕಮ್ಮಿ ಎರಡು ಗಂಟೆ ಉಳೀತು. ಇನ್ನು ಈ ಎರಡು ಊರಿನ ಮಧ್ಯೆ ದಾರ ಎಳೆದು ಅಳೆದ್ರೆ ಬರೋದು ಸುಮಾರು 12,400 ಅಷ್ಟೇ. ಈಗ ಹೇಳಿ, ಆವತ್ತು ನೀವು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಬಾಕ್ಸ್ ಹಾಕಿದ್ದಿದ್ರೆ ಮೂರರಲ್ಲಿ ಯಾವ ನಂಬರ್ ಹಾಕ್ತಿದ್ರಿ?

ಗಾಳಿ ಒಂದೇ ಅಲ್ಲ, ರಾಜಕೀಯಾನೂ ದಾರಿ ತಿರುಗಿಸುತ್ತೆ. ಹೆಲ್ಸಿಂಕಿಯಿಂದ ಟೋಕಿಯೋಗೆ ದಾರ ಎಳೆದ್ರೆ 7,800 ಕಿ.ಮೀ. ಆಸುಪಾಸು, ರಷ್ಯಾ ಮೇಲಿಂದ ಫಿನ್ಲೆಂಡಿನ ಫಿನ್ನೇರ್ ಕಂಪನಿಯ ಫ್ಲೈಟ್ ಒಂಬತ್ತು ಗಂಟೆ ಚಿಲ್ಲರೆಗೆ ಹೋಗ್ತಿತ್ತು. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿತು, ಅದೇ ಫ್ಲೈಟ್ ಉತ್ತರ ಧ್ರುವ ಸುತ್ತಿಕೊಂಡು ಹೋಗೋ ಹಾಗಾಯ್ತು, ಹದಿಮೂರು ಗಂಟೆ. ಎರಡು ಊರಿನ ನಡುವಿನ ಅಂತರ ಒಂದು ಮೀಟರೂ ಬದಲಾಗಿಲ್ಲ, ಪ್ರಯಾಣ ನಾಲ್ಕು ಗಂಟೆ ಉದ್ದ ಆಯ್ತು. ಪ್ರಯಾಣಿಕರಿಗೆ ಧ್ರುವ ದಾಟಿದ್ದಕ್ಕೆ ಒಂದು ಸರ್ಟಿಫಿಕೇಟ್ ಬೇರೆ ಕೊಟ್ರಂತೆ, ಕಾಲು ನೋವಿಗೆ ಅದೇ ಮದ್ದು. ಇನ್ನೂ ಇವೆ, ಎರಡೇ ಎಂಜಿನ್ ಇರೋ ವಿಮಾನ ಒಂದು ಎಂಜಿನ್ ಕೆಟ್ರೆ ಇಂತಿಷ್ಟು ನಿಮಿಷದೊಳಗೆ ಇಳಿಯೋಕೆ ಒಂದು ಏರ್‌ಪೋರ್ಟ್ ಇರೋ ಹಾಗೇ ದಾರಿ ಹಿಡೀಬೇಕು, ಧ್ರುವದ ಚಳೀಲಿ ಇಂಧನ ಹೆಪ್ಪುಗಟ್ಟದ ಹಾಗೆ ನೋಡ್ಕೋಬೇಕು, ಅದರ ಪುರಾಣ ಬೇಡ ಬಿಡಿ.

ಸರಿ, ಗಂಟೆ ವಿಷಯ. 18 ಗಂಟೆ 50 ಅಂತ ನೀವು ಹಾಕಿದ್ದು ಯಾವ ಕಡೆಯ ಫ್ಲೈಟು? ಹೋಗೋದಾ, ಬರೋದಾ? ಬೇಸಿಗೆ ಟೈಮ್ ಟೇಬಲ್ಲಾ, ಚಳಿಗಾಲದ್ದಾ? ಇನ್ನೊಂದು, ಟಿಕೆಟಲ್ಲಿ ಇರೋ ಗಂಟೆ ಹಾರಾಟದ್ದಲ್ಲ. ನಮ್ಮ ಲೈನಲ್ಲಿ ಅದನ್ನ ಬ್ಲಾಕ್ ಟೈಮ್ ಅಂತಾರೆ. ಗೇಟಿನಿಂದ ವಿಮಾನ ಹಿಂದಕ್ಕೆ ತಳ್ಳಿದ ಕ್ಷಣದಿಂದ ಆ ಕಡೆ ಗೇಟಲ್ಲಿ ನಿಲ್ಲೋವರೆಗೆ. ದೊಡ್ಡ ಏರ್‌ಪೋರ್ಟಲ್ಲಿ ರನ್‌ವೇ ಮುಟ್ಟೋಕೇ ಇಪ್ಪತ್ತು ನಿಮಿಷ ನಿಧಾನಕ್ಕೆ ಉರುಳ್ತಾ ಹೋಗುತ್ತೆ, ಮುಂದೆ ಏಳೆಂಟು ವಿಮಾನ ಕ್ಯೂ ನಿಂತಿದ್ರೆ ಇನ್ನೂ ತಡ, ಇಳಿಯೋ ಮುಂಚೆ ಮೇಲೆ ಒಂದೆರಡು ಸುತ್ತು, ಇಳಿದ ಮೇಲೆ ಗೇಟ್ ಖಾಲಿ ಇಲ್ಲ ಅಂತ ಕಾಯಿಸೋದು. ಇದೆಲ್ಲಾ ಆಗಬಹುದು ಅಂತ ಕಂಪನಿಯವರು ಮೊದಲೇ ಸ್ವಲ್ಪ ನಿಮಿಷ ಸೇರಿಸಿಟ್ಟಿರ್ತಾರೆ, ಅದಕ್ಕೇ ಎಷ್ಟೋ ಸಲ ತಡವಾಗಿ ಹೊರಟ ಫ್ಲೈಟೂ ಟೈಮಿಗೆ ಮುಂಚೆ ಬಂತು ಅಂತ ಕ್ಯಾಪ್ಟನ್ ಹೆಮ್ಮೆಯಿಂದ ಹೇಳೋದು.

ಇದರ ಮೇಲೆ ಗಡಿಯಾರದ ಆಟ. ಭಾವನ ಮಗಳಿಗೆ ಮೊದಲು ನೋಡಿದ್ದ ಟಿಕೆಟಲ್ಲಿ ಸಿಂಗಪುರ ಬಿಡೋದು ರಾತ್ರಿ 11.30, ನ್ಯೂಯಾರ್ಕ್ ಮುಟ್ಟೋದು ಬೆಳಗ್ಗೆ 5.30 ಅಂತಿತ್ತು. ಭಾವ ಅದನ್ನ ನೋಡಿ ಆರೇ ಗಂಟೆ ಅಂದ್ಕೊಂಡು ಖುಷಿಯಾಗಿದ್ರು, ಒಂದು ದಿನ. ಆಮೇಲೆ ನಾನು ಇದಕ್ಕೆ 12 ಸೇರಿಸಿ ಭಾವ ಅಂದೆ, ಯಾಕಂದ್ರೆ ನ್ಯೂಯಾರ್ಕ್ ಸಿಂಗಪುರಕ್ಕಿಂತ 12 ಗಂಟೆ ಹಿಂದಿದೆ, ಆಗ 18 ಆಯ್ತು. ಈ 12 ಕೂಡ ವರ್ಷಪೂರ್ತಿ ಅಲ್ಲ, ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲನೇ ಭಾನುವಾರ ಮತ್ತೆ ಹಿಂದಕ್ಕೆ, ಆಗ 13 ಆಗುತ್ತೆ, ಸಿಂಗಪುರದಲ್ಲಿ ಆ ಪದ್ಧತಿಯೇ ಇಲ್ಲ. ಕೌಂಟರಲ್ಲಿ ನಾನು ಒಂದು ಸುಲಭದ ಉಪಾಯ ಇಟ್ಕೊಂಡಿದ್ದೆ, ಟೈಮ್ ಜೋನ್ ಗೊತ್ತಿಲ್ಲದಿದ್ರೂ ನಡೆಯುತ್ತೆ. ಹೋಗೋ ಟಿಕೆಟ್, ಬರೋ ಟಿಕೆಟ್ ಎರಡನ್ನೂ ತಗೊಳ್ಳಿ. ಹೋಗೋದರಲ್ಲಿ ಗಡಿಯಾರದ ವ್ಯತ್ಯಾಸ 6 ಗಂಟೆ. ಬರೋದು ಬೆಳಗ್ಗೆ 10.30ಕ್ಕೆ ಬಿಟ್ಟು ಮಾರನೇ ದಿನ ಸಂಜೆ 5.15ಕ್ಕೆ ಅಂತಿಟ್ಕೊಳ್ಳಿ, ಅದು 30 ಮುಕ್ಕಾಲು ಗಂಟೆ. ಎರಡೂ ಕೂಡಿಸಿ, 36 ಮುಕ್ಕಾಲು, ಅರ್ಧ ಮಾಡಿ, 18 ಗಂಟೆ 22 ನಿಮಿಷ. ಒಂದು ಕಡೆ ಕಳೆದ ಟೈಮ್ ಜೋನ್ ಇನ್ನೊಂದು ಕಡೆ ಕೂಡಿ ಹೊಡೆದುಹೋಗುತ್ತೆ, ಉಳಿಯೋದು ನಿಜವಾದ ಪ್ರಯಾಣದ ಸರಾಸರಿ. ಮಧ್ಯದಲ್ಲಿ ಗಡಿಯಾರ ತಿರುಗಿಸೋ ಭಾನುವಾರ ಬರಬಾರದು ಅಷ್ಟೇ.

ಇಷ್ಟು ಜಾಣತನ ಮಾತಾಡೋ ನಾನೇ ಒಮ್ಮೆ ಎಡವಿದ್ದೆ, ಅದನ್ನೂ ಹೇಳ್ಬಿಡ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಯಸ್ಸಾದ ದಂಪತಿಗೆ ಮಗನ ಹತ್ರ ಹೋಗೋಕೆ ಟಿಕೆಟ್ ಮಾಡಿಕೊಟ್ಟೆ. ಪ್ರಿಂಟಲ್ಲಿ ಇಳಿಯೋ ಟೈಮಿನ ಪಕ್ಕ ಇರುವೆ ಗಾತ್ರದ ಅಕ್ಷರದಲ್ಲಿ ಪ್ಲಸ್ ಒನ್ ಅಂತಿತ್ತು, ಅಂದ್ರೆ ಮಾರನೇ ದಿನ. ನಾನು ಅದನ್ನ ನೋಡದೆ ಚೀಟಿ ಮೇಲೆ ದೊಡ್ಡದಾಗಿ ತಾರೀಕು ಬರೆದುಕೊಟ್ಟೆ, ಹೊರಡೋ ದಿನದ್ದೇ. ಮಗ ಒಂದು ದಿನ ಮುಂಚೆ ಏರ್‌ಪೋರ್ಟಿಗೆ ಬಂದು, ಅಪ್ಪ ಅಮ್ಮ ಬರಲಿಲ್ಲ ಅಂತ ಗಾಬರಿಯಾಗಿ, ನಮ್ಮ ಆಫೀಸಿಗೆ ಫೋನ್ ಮಾಡಿದಾಗ ಆ ದಂಪತಿ ಇನ್ನೂ ಮೋಡದ ಮೇಲೇ ಇದ್ರು. ಆ ಹುಡುಗ ಬೈದಿದ್ದು ಇವತ್ತಿಗೂ ಕಿವೀಲಿದೆ. ಅದರ ಉಲ್ಟಾನೂ ಉಂಟು, ಆಕ್ಲೆಂಡಿಂದ ಸಂಜೆ 7.30ಕ್ಕೆ ಹೊರಟು ಹನ್ನೆರಡು ಗಂಟೆ ಹಾರಿ ಲಾಸ್ ಏಂಜಲೀಸಲ್ಲಿ ಅದೇ ದಿನ ಮಧ್ಯಾಹ್ನ 12.30ಕ್ಕೆ ಇಳೀಬಹುದು, ಹೊರಟಿದ್ದಕ್ಕಿಂತ ಏಳು ಗಂಟೆ ಮುಂಚೆ, ನಡುವೆ ಸಾಗರದಲ್ಲಿ ದಿನಾಂಕ ರೇಖೆ ದಾಟಿರ್ತೀವಿ. ನಿಮ್ಮ ಬಾಕ್ಸ್ ಬರೆದವರಿಗೆ ಆ ಟಿಕೆಟ್ ಕೊಟ್ರೆ ಮೈನಸ್ ಏಳು ಗಂಟೆ ಅಂತ ಹಾಕ್ತಾರೇನೋ.

ದೂರಕ್ಕೂ ಹೊತ್ತಿಗೂ ಎಷ್ಟು ಸಂಬಂಧ ಅಂತ ನೋಡಬೇಕಾದ್ರೆ ಆಸ್ಟ್ರೇಲಿಯಾದ ಪರ್ತ್ ಊರನ್ನ ತಗೊಳ್ಳಿ, ನನಗೆ ತುಂಬಾ ಇಷ್ಟದ ಉದಾಹರಣೆ. 1943ರಿಂದ 1945ರವರೆಗೆ ಯುದ್ಧದ ಕಾಲದಲ್ಲಿ ಅಲ್ಲಿನ ಕ್ವಾಂಟಾಸ್ ವಿಮಾನ ಕಂಪನಿಯವರು ಪರ್ತಿಂದ ಸಿಲೋನಿಗೆ ಕ್ಯಾಟಲಿನಾ ಅನ್ನೋ ನೀರಿನ ಮೇಲಿಳಿಯೋ ವಿಮಾನ ಹಾರಿಸ್ತಿದ್ರು, ದೂರ 5,600 ಕಿ.ಮೀ. ಚಿಲ್ಲರೆ, ಹಿಡೀತಿದ್ದ ಹೊತ್ತು 27ರಿಂದ 33 ಗಂಟೆ. ಇಂಧನದ ಭಾರಕ್ಕೆ ಮೂರೇ ಜನ ಪ್ರಯಾಣಿಕರು. ಶತ್ರು ಕಣ್ಣಿಗೆ ಬೀಳಬಾರದು ಅಂತ ರೇಡಿಯೋ ಬಾಯಿ ಮುಚ್ಚಿಸಿ, ನಕ್ಷತ್ರ ನೋಡ್ಕೊಂಡು ಹೋಗ್ತಿದ್ರು, ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ಕಾಣ್ತಿತ್ತು. ಅದೇ ಪರ್ತಿಂದ 2018ರ ಮಾರ್ಚಿಂದ ಲಂಡನ್ನಿಗೆ ನೇರ ಫ್ಲೈಟ್ ಇದೆ, 14,499 ಕಿ.ಮೀ., ಸುಮಾರು 17 ಗಂಟೆ. ದೂರ ಎರಡೂವರೆ ಪಟ್ಟು, ಹೊತ್ತು ಅರ್ಧದ ಆಸುಪಾಸು. ಇನ್ನೊಂದು ತುದೀಲಿ ಸ್ಕಾಟ್ಲೆಂಡಿನ ವೆಸ್ಟ್ರೇ, ಪಾಪಾ ವೆಸ್ಟ್ರೇ ಅಂತ ಎರಡು ದ್ವೀಪ, ನಡುವೆ 2.7 ಕಿ.ಮೀ., ಟೈಮ್ ಟೇಬಲ್ ಪ್ರಕಾರವೇ ಎರಡು ನಿಮಿಷದ ಫ್ಲೈಟು, ಗಾಳಿ ಸರಿಯಾಗಿದ್ದ ದಿನ ಒಂದು ಸಲ 53 ಸೆಕೆಂಡಿಗೆ ಮುಗಿದಿದೆ. ಬೆಲ್ಟ್ ಹಾಕ್ಕೊಳ್ಳೋದಕ್ಕೇ ನನಗೆ ಅಷ್ಟು ಹೊತ್ತು ಬೇಕು.

ನಾನು ಕೇಳೋದು ದೊಡ್ಡದೇನಲ್ಲ. ಮುಂದಿನ ಸಲ ಇಂಥ ಬಾಕ್ಸ್ ಹಾಕೋವಾಗ ದೂರದ ಪಕ್ಕ "ಭೂಮಿಯ ಮೇಲಿನ ಅತಿ ಹತ್ತಿರದ ಅಂತರ" ಅಂತ ಸೇರಿಸಿ, ಹೋಗೋ ಟೈಮು ಬರೋ ಟೈಮು ಎರಡನ್ನೂ ಹಾಕಿ, ಒಂದು ಸಾಲಲ್ಲಿ ಗಾಳಿ ಹೆಸರು ಹೇಳಿ. ಕೆಂಪು ಗೆರೆ ಎಳೆಯೋ ಆರ್ಟಿಸ್ಟ್‌ಗೆ ಸ್ಕೇಲ್ ಪಕ್ಕಕ್ಕಿಟ್ಟು ಗ್ಲೋಬ್ ನೋಡೋಕೆ ಹೇಳಿ. 900 ಅನ್ನೋ ಸಾಲನ್ನ ತೆಗೆದೇಬಿಟ್ರೆ ಇನ್ನೂ ಒಳ್ಳೇದು, ಅದು ಇರೋದ್ರಿಂದಲೇ ಜನ ಕ್ಯಾಲ್ಕುಲೇಟರ್ ತಗೊಳ್ಳೋದು.

ಮುಗಿಸೋ ಮುಂಚೆ ಭಾವನಿಗೆ ಒಂದು ಮಾತು, ಅವರು ಈ ಕಾಲಮ್ಮನ್ನೇ ಮೊದಲು ಓದೋದು. ಮಗಳ ಟಿಕೆಟ್ ಡೇಟ್ ಬದಲಾಯ್ತು, ಈಗ ನವೆಂಬರ್ ಮೊದಲನೇ ಭಾನುವಾರದ ಹಿಂದಿನ ಶನಿವಾರ ರಾತ್ರಿ. ಹೊರಡೋದು ಅದೇ 11.30, ಇಳಿಯೋದು ಮಾತ್ರ ಬೆಳಗ್ಗೆ 4.30 ಅಂತ ತೋರಿಸ್ತಿದೆ. ನಾನು ಹೇಳಿಕೊಟ್ಟ ಹಾಗೇ 12 ಸೇರಿಸಿ, 17 ಗಂಟೆ ಬಂತು, ನನ್ನ ಭಾಗಾಕಾರವೇ ಸರಿ, ನೀನೂ ಪೇಪರಿನವರೂ ಇಬ್ರೂ ತಪ್ಪು ಅಂತ ನಿನ್ನೆ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಹಾಕಿದ್ದಾರೆ, ಅದಕ್ಕೆ ಆಗಲೇ ಆರು ಜನ ಹೆಬ್ಬೆಟ್ಟು ಒತ್ತಿದ್ದಾರೆ.

ಭಾವ, ಅವತ್ತಿನ ಮಟ್ಟಿಗೆ 13 ಸೇರಿಸಿ.

ಇಂತಿ,
ನಿಮ್ಮ ಹಳೇ ಓದುಗ
(ಟಿಕೆಟ್ ಕೌಂಟರಿನಿಂದ ನಿವೃತ್ತ)